ಎಡಗೆನ್ನೆಯ ಫೋಟೊ

ಮಕ್ಕಳೇ, ಹೋದ ಬೇಸಿಗೆ ರಜೆಯಲ್ಲಿ ನಾನು ಬಟ್ಟೆ ಒಣಹಾಕಲು ಮಹಡಿಗೆ ಹೋಗಿದ್ದಾಗ ನೀವಿಬ್ಬರೂ ನನ್ನ ಟ್ಯಾಬ್ ತೆರೆದಿರಿ. ಗೇಮ್ ಹುಡುಕಲು ಹೋದವರು ಕಿರುಚಿಕೊಂಡು ಬೀದಿಗೆ ಓಡಿದಿರಿ. ತೆರೆಯ ತುಂಬ ಒಂದು ಬಾಯಿ ಇತ್ತು. ಕೆನ್ನೆಯ ಒಳಗಿನ ಕೆಂಪು ಚರ್ಮ, ಅದರ ಮೇಲೆ ಸುಣ್ಣ ಒಣಗಿದ ಹಾಗೆ ಒಂದು ಬಿಳಿ ಕಲೆ, ಕಲೆಯ ಸುತ್ತ ಹಳದಿ ಗೆರೆ, ಪಕ್ಕದಲ್ಲಿ ತುಟಿಯನ್ನು ಎಳೆದು ಹಿಡಿದ ಒಂದು ಬೆರಳು. "ಅಜ್ಜಿ, ಇದು ಯಾರ್ ಬಾಯಿ?" ಎಂದು ಚಿಕ್ಕವಳು ಅಳುತ್ತಾ ಕೇಳಿದಳು. ನಾನು ಟ್ಯಾಬ್ ಕಿತ್ತುಕೊಂಡು ಬೈದೆ, ಉತ್ತರ ಕೊಡಲಿಲ್ಲ.

ಎದುರು ಕೂತು ಇಂಥದ್ದನ್ನೆಲ್ಲ ಹೇಳುವುದು ನನಗೆ ಆಗುವುದಿಲ್ಲ. ನಾಲ್ಕು ಜನರ ಮುಂದೆ ನನ್ನ ಮಾತು ಗಂಟಲಲ್ಲೇ ನಿಲ್ಲುತ್ತದೆ ಎಂದು ನಿಮ್ಮಮ್ಮನಿಗೂ ಗೊತ್ತು. ಆದ್ದರಿಂದ ಬರೆಯುತ್ತಿದ್ದೇನೆ. ನಾವು ತೆಗೆಯುವ ಬಾಯಿಯ ಫೋಟೊಗಳು ಡಾಕ್ಟರಿಗೆ ತಲುಪಿದ ಮೇಲೆ ಟ್ಯಾಬಿನಿಂದ ತಾವೇ ಅಳಿಸಿಹೋಗುತ್ತವೆ. ಬೇರೆಯವರು ನೋಡಬಾರದು ಎಂದು ಹಾಗೆ ಮಾಡಿದ್ದಾರೆ. ನೀವು ನೋಡಿದ ಆ ಒಂದು ಫೋಟೊವನ್ನು ಮಾತ್ರ ನಾನು ಕೇಳಿ ಇಟ್ಟುಕೊಂಡಿದ್ದೇನೆ. ಯಾಕೆ ಎಂಬುದು ಕೊನೆಗೆ ತಿಳಿಯುತ್ತದೆ.

ನಿಮ್ಮ ತಾತ ಹೋದ ಮೇಲೆ ಬಹಳ ಕಾಲ ನಾನು ಕುಣಿಗಲ್ಲಿನ ಈ ಮನೆಯ ಹೊಸಿಲು ದಾಟಿ ಹೋದದ್ದು ಕಡಿಮೆ. ತುಮಕೂರಿನ ಒಂದು ಸಂಸ್ಥೆಯವರು ಹಳ್ಳಿಗಳಲ್ಲಿ ಹೆಂಗಸರ ಬಾಯಿ ಕ್ಯಾನ್ಸರ್ ಪರೀಕ್ಷೆಗೆ ಕನ್ನಡ ಓದು ಬರಹ ಬರುವವರನ್ನು ಹುಡುಕುತ್ತಿದ್ದಾರೆ ಎಂದು ನಿಮ್ಮಮ್ಮ ಕೇಳಿಕೊಂಡು ಬಂದಳು. ನನ್ನನ್ನು ಕೇಳದೆ ಹೆಸರು ಕೊಟ್ಟಳು. ನಾನು ಓದಿದ್ದು ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ. "ಬಾಯಿ ನೋಡೋಕೆ ಎಂ.ಎ. ಆಗ್ಬೇಕಾ, ಹೋಗಮ್ಮ ನೀನು" ಎಂದು ಬಸ್ಸು ಹತ್ತಿಸಿದಳು.

ತರಬೇತಿ ಗುಬ್ಬಿಯ ಒಂದು ಸಮುದಾಯ ಭವನದಲ್ಲಿ. ಎಲ್ಲರ ಕೈಗೂ ಒಂದೊಂದು ಟ್ಯಾಬ್ ಕೊಟ್ಟರು. ನಾನು ಶಾಲೆಯಲ್ಲಿ ಬಳಸಿದ ಸ್ಲೇಟಿನಷ್ಟೇ ಅಗಲ, ಸುತ್ತ ದಪ್ಪ ರಬ್ಬರಿನ ಕವಚ. ಗಾಜು ಒಡೆದೀತೆಂದು ನಾನು ಬೆರಳ ತುದಿಯನ್ನು ತಾಗಿಸಿ ತಾಗಿಸಿ ಎತ್ತುತ್ತಿದ್ದೆ, ಅದು ಏನೂ ಮಾಡುತ್ತಿರಲಿಲ್ಲ. ನಮ್ಮ ಮೇಲ್ವಿಚಾರಕಿ ಗುಬ್ಬಿಯವಳೇ, ನಿಮ್ಮಮ್ಮನಿಗಿಂತ ಚಿಕ್ಕವಳು. "ಆಂಟಿ, ಅದು ಬಿಸಿ ಹಂಚಲ್ಲ. ಒತ್ತಿ" ಎಂದು ನನ್ನ ಬೆರಳನ್ನು ಹಿಡಿದು ಒತ್ತಿಸಿದಳು.

ಕೆಲಸದ ಕ್ರಮ ಹೀಗಿತ್ತು. ಹೆಂಗಸಿಗೆ ಬಾಯಿ ಮುಕ್ಕಳಿಸಲು ಹೇಳಬೇಕು. ಬೆಳಕಿಗೆ ಮುಖ ಮಾಡಿ ಕೂರಿಸಬೇಕು. ಕೈಗೆ ಗ್ಲೌಸ್ ಹಾಕಿಕೊಂಡು, ಟ್ಯಾಬಿನ ಕ್ಯಾಮೆರಾದ ಪಕ್ಕ ಸಣ್ಣ ದೀಪ ಸಿಕ್ಕಿಸಿ, ಮರದ ಕಡ್ಡಿಯಿಂದ ಕೆನ್ನೆಯನ್ನು ಮೆಲ್ಲಗೆ ಸರಿಸಿ ಫೋಟೊ ತೆಗೆಯಬೇಕು. ಮೊದಲು ನಾಲಿಗೆಯ ಮೇಲೆ, ಆಮೇಲೆ ನಾಲಿಗೆಯ ಕೆಳಗೆ, ಎಡಗೆನ್ನೆ, ಬಲಗೆನ್ನೆ, ತುಟಿಯ ಒಳಭಾಗ. ತೆರೆಯ ಮೇಲೆ ಒಂದೊಂದಕ್ಕೂ ಒಂದೊಂದು ಚೌಕ. ಫೋಟೊ ತೆಗೆದು 'ಸರಿ' ಒತ್ತಿದರೆ ಆ ಚೌಕ ಹಸಿರಾಗಿ ಮುಂದಿನದು ತೆರೆಯುತ್ತದೆ. ಎಲ್ಲ ಹಸಿರಾದರೆ ಕೆಲವು ಪ್ರಶ್ನೆ ಕೇಳಿ ಕಳಿಸಿಬಿಡುವುದು. ತುಮಕೂರಿನ ಸದಾಶಿವನಗರದಲ್ಲಿ ಕೂತ ಡಾಕ್ಟರಮ್ಮ ಅವನ್ನು ನೋಡಿ, ಸಂಶಯ ಬಂದ ಕಡೆ ಹಳದಿ ಗೆರೆ ಎಳೆದು ಟ್ಯಾಬಿಗೇ ವಾಪಸ್ ಕಳಿಸುತ್ತಾರೆ.

ಮೊದಲ ದಿನ ನಮ್ಮ ಎದುರಿಗೇ ಒಬ್ಬಳ ಫೋಟೊ ತೆಗೆದು ಕಳಿಸಿದರು. ನಾವು ಮಜ್ಜಿಗೆ ಕುಡಿದು ಲೋಟ ಇಡುವಷ್ಟರಲ್ಲಿ ಡಾಕ್ಟರಮ್ಮನ ಮುಖವೇ ತೆರೆಯ ಮೇಲೆ ಬಂದು, "ಬಲಗಡೆ ಕೊನೆ ಹಲ್ಲು ಹುಳುಕಾಗಿದೆ, ಬೇರೇನೂ ಇಲ್ಲ" ಎಂದಿತು. ನನಗೆ ಮೈಯೆಲ್ಲ ಜುಂ ಎಂದಿತು. ನಿಮ್ಮ ತಾತನ ಕಾಯಿಲೆಗೆ ನಾವು ಡಾಕ್ಟರನ್ನು ಹುಡುಕಿಕೊಂಡು ಅಲೆದದ್ದು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಬರೆದುಕೊಟ್ಟು ಕಳಿಸಿದ್ದು, ಅಷ್ಟರಲ್ಲಿ ಹೊತ್ತು ಮೀರಿದ್ದು ಎಲ್ಲ ನೆನಪಾಯಿತು. ಈಗ ಡಾಕ್ಟರೇ ಹಲಗೆಯೊಳಗೆ ಕೂತು ಹಳ್ಳಿಗೆ ಬರುತ್ತಾರೆ. ಆ ಹಲಗೆಯನ್ನು ನನ್ನಂಥವಳ ಬಟ್ಟೆ ಚೀಲದಲ್ಲಿ ಹಾಕಿ ಕಳಿಸುತ್ತಾರೆ.

ಅದೇ ದಿನ ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದರು. ಹೊಗೆಸೊಪ್ಪು ಕೆಟ್ಟದ್ದು, ಅಡಿಕೆಯೂ ಕೆಟ್ಟದ್ದೇ. ಹಿಂದಿನ ಸಾಲಿನಲ್ಲಿ ಒಬ್ಬಳು, "ದೇವ್ರ ಮುಂದೆ ಇಡೋ ಅಡಿಕೆನಾ? ಇವ್ರಿಗೇನೋ ಗೊತ್ತಿಲ್ಲ ಬುಡು" ಎಂದು ಪಿಸುಗುಟ್ಟಿದಳು. ಗುಬ್ಬಿಯಲ್ಲಿ ಕೂತು ಅಡಿಕೆಯನ್ನು ಬೈದರೆ ಯಾರು ಕೇಳುತ್ತಾರೆ? ನಾವೆಲ್ಲ ಹೊಗೆಸೊಪ್ಪಿನ ಮಾತನ್ನು ಕಿವಿಯಲ್ಲಿಟ್ಟುಕೊಂಡು ಅಡಿಕೆಯ ಮಾತನ್ನು ಭವನದಲ್ಲೇ ಬಿಟ್ಟು ಬಂದೆವು. ತಾತ ಹೋದಮೇಲೆ ನಾನೂ ಎಲೆ ಅಡಿಕೆಯ ಜೊತೆ ಚೂರು ಹೊಗೆಸೊಪ್ಪು ಹಾಕಿಕೊಳ್ಳುತ್ತಿದ್ದೆ. ಆ ಸಂಜೆ ಗುಬ್ಬಿ ಬಸ್ ನಿಲ್ದಾಣದಲ್ಲಿ ಅದರ ಪೊಟ್ಟಣವನ್ನು ಎಸೆದೆ. ಮತ್ತೆ ಮುಟ್ಟಲಿಲ್ಲ. ನನ್ನ ಲೆಕ್ಕದಲ್ಲಿ ಅಲ್ಲಿಗೆ ನಾನು ಶುದ್ಧವಾದೆ.

ಮೊದಮೊದಲು ಗುಬ್ಬಿ ಸುತ್ತಲ ಹಳ್ಳಿಗಳಿಗೆ ಮೇಲ್ವಿಚಾರಕಿಯ ಸ್ಕೂಟರಿನ ಹಿಂದೆ ಕೂತು ಹೋಗುತ್ತಿದ್ದೆ. ನಮ್ಮ ಕಡೆ ಹೆಂಗಸರು ನಗುವಾಗಲೂ ಸೆರಗು ಅಡ್ಡ ಹಿಡಿಯುವವರು. ಅವರಿಗೆ "ಬಾಯಿ ಅಗಲಿಸಿ" ಎನ್ನುವುದು ಸಣ್ಣ ಮಾತಲ್ಲ. ಹೇಳುವ ನನಗೇ ನಾಚಿಕೆ. ಒಬ್ಬಾಕೆ "ಫೋಟೊನಾ? ಇರಿ ಬಂದೆ" ಎಂದು ಒಳಗೆ ಹೋದವಳು ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಬಾಯಿ ಕೆಂಪಗೆ ಕಾಣಲೆಂದು ಎಲೆ ಅಡಿಕೆ ಜಗಿದುಕೊಂಡು ಬಂದಳು. ಚೊಂಬುಗಟ್ಟಲೆ ನೀರಿನಲ್ಲಿ ಮುಕ್ಕಳಿಸಿದರೂ ಕೆಂಪು ಹೋಗಲಿಲ್ಲ. ಮೇಲ್ವಿಚಾರಕಿ ತಲೆ ಮೇಲೆ ಕೈ ಹೊತ್ತು ಕೂತಳು. ಸೀರೆ ಉಟ್ಟು ಬಂದವಳಿಗೆ ಕೋಪ ಬಂತು. "ಫೋಟೊ ಚೆನ್ನಾಗಿ ಬರ್ಲಿ ಅಂತ ಹಾಕ್ಕೊಂಡ್ ಬಂದ್ರೆ ಬಣ್ಣ ಯಾಕೆ ತೊಳುಸ್ತೀರಿ?"

ಇನ್ನೊಂದು ಸಂಗತಿ ಇದೆ, ಅದನ್ನು ಬರೆಯದೆ ಈ ಕಥೆ ಅರ್ಥವಾಗುವುದಿಲ್ಲ. ಯಾವ ಮನೆಗೆ ಹೋದರೂ ಎಲೆ ಅಡಿಕೆಯ ತಟ್ಟೆ ಬರುತ್ತಿತ್ತು. ಬಾಯಿ ಕೆಟ್ಟಿದೆಯೇ ಎಂದು ನೋಡಲು ಬಂದವರಿಗೇ ಎಲೆ ಅಡಿಕೆ! ಮೇಲ್ವಿಚಾರಕಿ ಕೈಮುಗಿದು ಬೇಡವೆನ್ನುತ್ತಿದ್ದಳು. ನನಗೆ ಆಗುತ್ತಿರಲಿಲ್ಲ. ತಾತ ಹೋದ ದಿನದಿಂದ ಮದುವೆ, ಸೀಮಂತ, ಗೌರಿ ಹಬ್ಬ, ಎಲ್ಲಿಯೂ ತಾಂಬೂಲದ ತಟ್ಟೆ ನನ್ನ ಮುಂದೆ ನಿಂತಿರಲಿಲ್ಲ. ನನ್ನ ಪಕ್ಕದವಳವರೆಗೆ ಬಂದು, ನನ್ನನ್ನು ದಾಟಿ, ಆಚೆಯವಳಿಗೆ ಹೋಗುತ್ತಿತ್ತು. ನಾನು ಸೀರೆಯ ಅಂಚು ಸರಿಮಾಡಿಕೊಳ್ಳುವ ಹಾಗೆ ತಲೆ ತಗ್ಗಿಸುತ್ತಿದ್ದೆ. ಈಗ ಟ್ಯಾಬ್ ಹಿಡಿದು ಹೋದರೆ, ಹಣೆ ನೋಡದೆ, "ತಗೊಳಿ ಅಕ್ಕ" ಎಂದು ತಟ್ಟೆ ಮುಂದಿಡುತ್ತಾರೆ. ನಾನು ತೆಗೆದುಕೊಂಡೆ. ಪ್ರತಿ ಮನೆಯಲ್ಲೂ ತೆಗೆದುಕೊಂಡೆ. ಎಡಗಡೆ ಒತ್ತರಿಸಿಕೊಂಡು ಮುಂದಿನ ಮನೆಗೆ ನಡೆದೆ.

ಕೆಲಸ ಕೈಗೆ ಹತ್ತಿದ ಮೇಲೆ ನನ್ನೊಬ್ಬಳನ್ನೇ ಕುಣಿಗಲ್ ಕಡೆಗೆ, ಮಾರ್ಕೋನಹಳ್ಳಿ ನಾಲೆಯ ಊರುಗಳಿಗೆ ಹಾಕಿದರು. ನಾಲೆಯ ಕೆಳಗೆ ನೆಟ್‌ವರ್ಕ್ ಬರುವುದಿಲ್ಲ. ತೆಗೆದ ಫೋಟೊಗಳೆಲ್ಲ ಟ್ಯಾಬಿನಲ್ಲೇ ಕಾಯುತ್ತಿದ್ದವು. ಸಂಜೆ ನಾನು ಅಣೆಕಟ್ಟೆಯ ಏರಿ ಹತ್ತಿ ನಿಂತರೆ ಒಂದೊಂದಾಗಿ ಹೋಗುತ್ತಿದ್ದವು.

ಅಲ್ಲಿ ಒಂದೂರಿನಲ್ಲಿ ಹಿಟ್ಟಿನ ಮಿಲ್ಲಿದೆ. ಅದನ್ನು ನಡೆಸುವವಳು ನನಗಿಂತ ತುಸು ದೊಡ್ಡವಳು. ರಾಗಿ ಹಿಟ್ಟು ತಲೆ, ಹುಬ್ಬು, ಕೈ ಎಲ್ಲ ಕಡೆ ಕೂತು ಬೂದುಬಣ್ಣವಾಗಿರುತ್ತಾಳೆ. ಊರಿನ ಹೆಂಗಸರೆಲ್ಲ ಹಿಟ್ಟಿಗಾಗಿ ಅವಳ ಜಗಲಿಗೆ ಬರಲೇಬೇಕು. ಅವಳು ಹೂಂ ಎಂದರೆ ಊರು ಹೂಂ, ಅವಳು ಊಹೂಂ ಎಂದರೆ ಊರು ಊಹೂಂ. ಹಾಗಾಗಿ ಆ ಊರಿಗೆ ಹೋದ ದಿನ ಮೊದಲು ಅವಳನ್ನೇ ಹಿಡಿದೆ. ಜಗಲಿಯಲ್ಲಿ ನಾಲ್ಕೈದು ಜನ ಕೂತಿದ್ದರು. ಅವಳು ಮೊದಲು ತಟ್ಟೆ ಮುಂದಿಟ್ಟಳು, ನಾನು ಹಾಕಿಕೊಂಡೆ. ಆಮೇಲೆ ಮುಕ್ಕಳಿಸಿ ಕೂತಳು. ನಾಲಿಗೆಯ ಎರಡು ಫೋಟೊ ಸುಲಭವಾಗಿ ಬಂದವು. ಎಡಗೆನ್ನೆಗೆಂದು ಕಡ್ಡಿ ಹಿಡಿದಾಗ ಹಿಂದಕ್ಕೆ ಸರಿದಳು.

"ಆ ಕಡ್ಡಿ ನೋಡಿದ್ರೇ ವಾಕರಿಕೆ ಬತ್ತದೆ ಕಣೇ. ಮೊದ್ಲು ನಿಂದು ತೋರ್ಸು, ಹೆಂಗೆ ಅಂತ ನೋಡಾಣ."

"ನಂದ್ಯಾಕಕ್ಕ..."

"ಯಾಕೆ, ನಿನ್ ಬಾಯ್ಗೆ ಬೀಗ ಹಾಕವ್ರಾ? ನಮ್ದೆಲ್ಲ ನೋಡ್ಬೋದು, ನಿಂದು ನೋಡಂಗಿಲ್ವಾ?"

ಜಗಲಿ ನಕ್ಕಿತು. ಅವಳು ಟ್ಯಾಬನ್ನು ನನ್ನ ಕೈಯಿಂದ ಎತ್ತಿಕೊಂಡಳು. ನಾನು ನಾಚಿಕೆಯಿಂದ ಕಂಬದ ಮರೆಗೆ ಹೋಗಿ, ಬಾಯಲ್ಲಿದ್ದದ್ದನ್ನು ಉಗುಳಿ, ಚೊಂಬಿನ ನೀರಿನಲ್ಲಿ ಮುಕ್ಕಳಿಸಿ, ಗ್ಲೌಸ್ ತೆಗೆದು, ಬೆರಳಿನಿಂದ ಕೆನ್ನೆ ಸರಿಸಿ ತೋರಿಸಿದೆ. ಅವಳು ಎಲ್ಲಿ ಒತ್ತಬೇಕೆಂದು ನನ್ನನ್ನೇ ಕೇಳಿ ಒತ್ತಿದಳು. "ಬಂತು! ಕುಯ್ದ ಕುಂಬಳಕಾಯಿ ಇದ್ದಂಗೈತೆ ನೋಡ್ರೇ!" ಎಂದು ತೆರೆಯನ್ನು ಎಲ್ಲರ ಕಡೆಗೆ ತಿರುಗಿಸಿದಳು. ಬಿಸಿಲು ಗಾಜಿಗೆ ಹೊಡೆದು ಯಾರಿಗೂ ಏನೂ ಕಾಣಲಿಲ್ಲ. ನಗುತ್ತಾ 'ಸರಿ' ಒತ್ತಿಬಿಟ್ಟಳು. ಆಮೇಲೆ ತಾನೂ ಧೈರ್ಯವಾಗಿ ಬಾಯಿ ತೆರೆದಳು. ಒಂದು ಕೆನ್ನೆ, ತುಟಿ. ಚೌಕಗಳೆಲ್ಲ ಹಸಿರಾದವು. ಹಸಿರಾದರೆ ಮುಗಿಯಿತು ಎಂದು ಕಲಿಸಿದ್ದರಲ್ಲ, ನಾನು ಮುಗಿಸಿದೆ. ಅವಳನ್ನು ನೋಡಿ ಜಗಲಿಯಲ್ಲಿದ್ದವರೂ, ಅವರನ್ನು ನೋಡಿ ಬೀದಿಯವರೂ ಬಂದು ಕೂತರು. ಅಷ್ಟು ಚೆನ್ನಾಗಿ ನಡೆದ ದಿನ ಅದಕ್ಕೆ ಮುಂಚೆ ಇರಲಿಲ್ಲ.

ಕೆಲವು ದಿನಗಳಾದ ಮೇಲೆ ಟ್ಯಾಬ್ ತೆರೆದರೆ ಮಿಲ್ಲಿನ ಅಕ್ಕನ ಹೆಸರಿನ ಮುಂದೆ ಕೆಂಪು ಚುಕ್ಕೆ ಇತ್ತು. ಒಳಗೆ ಎಡಗೆನ್ನೆಯ ಫೋಟೊ, ಬಿಳಿ ಕಲೆ, ಅದರ ಸುತ್ತ ಡಾಕ್ಟರಮ್ಮನ ಹಳದಿ ಗೆರೆ. ಕೆಳಗೆ 'ತಕ್ಷಣ ಕರೆತನ್ನಿ' ಎಂದು ಬರೆದಿತ್ತು. ಅದಕ್ಕೆ ಮುಂಚೆ ನನ್ನ ಟ್ಯಾಬಿಗೆ ಕೆಂಪು ಚುಕ್ಕೆ ಬಂದಿರಲೇ ಇಲ್ಲ.

ಹೋಗಿ ಹೇಳಿದೆ. ಹೇಗೆ ಹೇಳಿದೆನೋ ಗೊತ್ತಿಲ್ಲ. ಮಿಲ್ಲು ಓಡುತ್ತಿತ್ತು, ಅವಳಿಗೆ ಕೇಳಿಸದೆ ಎರಡನೇ ಸಲ ಕೂಗಿ ಹೇಳಬೇಕಾಯಿತು. ಹೇಳುತ್ತಿದ್ದಂತೆ ಅವಳು ಹಿಟ್ಟಿನ ಡಬ್ಬದ ಮೇಲೆ ಕುಸಿದು ಕೂತಳು. "ನಂಗೆ ನೋವೇ ಇಲ್ವಲ್ಲೇ," ಎಂದಳು. "ಮುದ್ದೆ ನುಂಗ್ತೀನಿ, ಬಾಡು ಕಡೀತೀನಿ, ಏನೂ ಇಲ್ವಲ್ಲೇ." ಅವಳ ಯಜಮಾನ ಬಂದು ಮೋಟಾರು ನಿಲ್ಲಿಸಿದ. ಆ ಮಿಲ್ಲು ಸುಮ್ಮನಾದದ್ದನ್ನು ಕೇಳಿ ಬೀದಿಯವರೆಲ್ಲ ಹೊರಗೆ ಬಂದರು.

ತುಮಕೂರಿಗೆ ನಾನೂ ಜೊತೆಗೆ ಹೋದೆ. ಬಸ್ಸಿನಲ್ಲಿ ಅವಳು ನನ್ನ ಕಡೆ ತಿರುಗಲಿಲ್ಲ. ಕಿಟಕಿಯ ಸರಳು ಹಿಡಿದು ಕೂತಿದ್ದಳು. ಡಾಕ್ಟರಮ್ಮ ದೀಪ ಹಾಕಿ ಎಡಗೆನ್ನೆ ನೋಡಿದರು. ಕನ್ನಡಿ ಇಟ್ಟು ಇನ್ನೊಮ್ಮೆ ನೋಡಿದರು. ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ಮುಖದ ಮಾಸ್ಕ್ ಕೆಳಗಿಳಿಸಿ, "ಅಮ್ಮಾ, ನಿಮ್ಮ ಬಾಯಲ್ಲಿ ಏನೂ ಇಲ್ಲ" ಎಂದರು.

ಅವಳ ಯಜಮಾನ ಗೋಡೆಗೊರಗಿ ಅತ್ತುಬಿಟ್ಟ. ಅವಳು ಅಳಲಿಲ್ಲ. ನನ್ನ ಕಡೆ ತಿರುಗಿದಳು.

"ಏನಾಟ ಕಣೇ ಇದು? ನಾನು ಸೊಸೆಗೆ ಒಡವೆ ಯಾವುದ್ಯಾವುದು ಅಂತ ಹೇಳ್ಕೊಟ್ಟು ಬಂದಿದೀನಿ. ಸಾಯಾಕೆ ರೆಡಿಯಾಗಿ ಬಂದಿದೀನಿ. ನಿನ್ ಹಲಗೆ ಸುಳ್ಳು ಹೇಳ್ತು ಅಂದ್ರೆ?"

ಆದರೆ ಡಾಕ್ಟರಮ್ಮ ಫೋಟೊವನ್ನೇ ನೋಡುತ್ತಾ ಹೇಳಿದ ಮಾತು ಅದಕ್ಕಿಂತ ದೊಡ್ಡ ಪೆಟ್ಟು. "ಫೋಟೊ ಸುಳ್ಳಲ್ಲ. ಇದು ಯಾರದ್ದೋ ಬಾಯಿ. ಇವರ ಹೆಸರಿಗೆ ಬಂದು ಸೇರಿದೆ. ಆ ಹೆಂಗಸು ಇವತ್ತು ಎಲ್ಲೋ ಆರಾಮಾಗಿ ಅಡುಗೆ ಮಾಡ್ಕೊಂಡಿರ್ತಾರೆ, ಅವರಿಗೆ ಗೊತ್ತೇ ಇಲ್ಲ. ಬೇಗ ಸಿಕ್ಕಿದರೆ ಸಣ್ಣ ಆಪರೇಷನ್‌ನಲ್ಲಿ ಮುಗಿಯುತ್ತೆ. ತಡವಾದರೆ ನಾನೂ ಏನೂ ಮಾಡಕ್ಕಾಗಲ್ಲ. ಹುಡುಕಿ."

ಯಾರೋ ಒಬ್ಬಳು, ಎಲ್ಲೋ, ಏನೂ ತಿಳಿಯದೆ. ಆ ಯೋಚನೆ ನನ್ನನ್ನು ಬಿಡಲಿಲ್ಲ. ಮೇಲ್ವಿಚಾರಕಿಯೂ ನಾನೂ ಮಿಲ್ಲಿನ ಅಕ್ಕನ ಫೋಟೊ ತೆಗೆದ ದಿನದ ಹೆಸರುಗಳನ್ನೆಲ್ಲ ನೋಡಿದೆವು. ಒಬ್ಬರ ಫೋಟೊ ಇನ್ನೊಬ್ಬರಿಗೆ ಹೋಗಿರಬೇಕು, ಆ ದಿನ ಆ ಊರಲ್ಲಿ ನೋಡಿದ ಪ್ರತಿ ಬಾಯಿಯನ್ನೂ ಮತ್ತೆ ನೋಡಬೇಕು ಎಂದು ತೀರ್ಮಾನವಾಯಿತು.

ನಾನು ಹೋಗುವಷ್ಟರಲ್ಲಿ ಮಿಲ್ಲಿನ ಜಗಲಿಯಿಂದ ಸುದ್ದಿ ಎಲ್ಲ ಮನೆಗೂ ಹೋಗಿತ್ತು. ನನ್ನ ಚೀಲ ಕಂಡರೆ ಬಾಗಿಲು ಹಾಕುತ್ತಿದ್ದರು. "ನಿನ್ ಹಲಗೆ ಮೊದ್ಲು ಸರಿಯಾಗ್ಲಿ, ಆಮೇಲೆ ನಮ್ ಬಾಯಿ" ಎಂದಳು ಒಬ್ಬಳು ಕಿಟಕಿಯಿಂದ. ನಾಲೆಯ ಕೊನೆಯ ಮನೆಯಲ್ಲಿ ಒಬ್ಬಳು ಅಜ್ಜಿ ಇದ್ದಾಳೆ, ಬೆಳಗಿನಿಂದ ಸಂಜೆಯವರೆಗೆ ಹೊಗೆಸೊಪ್ಪು ಜಗಿಯುವವಳು. ಅವಳು ಮೊದಲ ದಿನವೂ ಫೋಟೊಗೆ ಬಂದಿರಲಿಲ್ಲ. ಈ ಸಲ ನನ್ನನ್ನು ಕಂಡೊಡನೆ ಕೋಲೆತ್ತಿದಳು. "ಹೋಗೇ, ನೀನ್ ನೋಡಿದ್ ಬಾಯ್ಗೆಲ್ಲ ರೋಗ ಬತ್ತದಂತೆ!"

ನಾನು ಮೊದಲೇ ಮಾತಿಲ್ಲದವಳು. ನಾಲೆಯ ಮೆಟ್ಟಿಲ ಮೇಲೆ ಕೂತು, ಸುಧಾರಿಸಿಕೊಂಡು, ಮತ್ತೆ ಮೊದಲ ಮನೆಯಿಂದ ಶುರುಮಾಡಿದೆ. ಹಿತ್ತಲಿಗೆ ಹೋಗಿ ಕರೆದೆ, ಹೊಲದ ಬದುವಿಗೆ ಹೋಗಿ ಬೇಡಿಕೊಂಡೆ. ಕೆಲವರು ಕರುಣೆಯಿಂದ, ಕೆಲವರು ಕಾಟ ತಪ್ಪಲಿ ಎಂದು ಬಾಯಿ ತೆರೆದರು. ಒಬ್ಬೊಬ್ಬರ ಎಡಗೆನ್ನೆಯನ್ನೂ ದೀಪ ಹಿಡಿದು ನೋಡಿದೆ. ಎಲ್ಲರದೂ ಚೆನ್ನಾಗಿತ್ತು. ಪ್ರತಿ ಸಲ ನೋಡುವ ಮುಂಚೆ 'ಇವಳದಾಗದಿರಲಿ' ಎಂದುಕೊಳ್ಳುತ್ತಿದ್ದೆ, ನೋಡಿದ ಮೇಲೆ 'ಹಾಗಾದರೆ ಯಾರದು' ಎಂದು ಭಯವಾಗುತ್ತಿತ್ತು. ಕೊನೆಯವಳೂ ಮುಗಿದಳು. ಆ ಬಾಯಿ ಸಿಗಲಿಲ್ಲ.

ಏರಿಯ ಮೇಲೆ ನಿಂತು ಮೇಲ್ವಿಚಾರಕಿಗೆ ಫೋನ್ ಮಾಡಿದೆ. ಅವಳು ನಿಟ್ಟುಸಿರು ಬಿಟ್ಟಳು. "ಆಂಟಿ, ಸಾಕು ಬಿಡಿ. ಟ್ರೈನಿಂಗಲ್ಲಿ ತೋರಿಸಿದ ಯಾವುದಾದ್ರೂ ಫೋಟೊ ಬಂದು ಕೂತಿರಬೇಕು. ತಪ್ಪು ಎಂಟ್ರಿ ಅಂತ ಹಾಕಿ ಅಳಿಸಿಬಿಡ್ತೀನಿ. ಡಾಕ್ಟರಿಗೆ ನಾನು ಹೇಳ್ತೀನಿ. ನೀವು ಮುಂದಿನ ಊರಿಗೆ ಹೋಗಿ."

ಆ ಊರಿನಿಂದ ತಪ್ಪಿಸಿಕೊಂಡು ಹೋದರೆ ಸಾಕು ಎನ್ನುವಂತಾಗಿತ್ತು ನನಗೆ. ಯಾರ ಮಾತಿಗೂ ಇಲ್ಲ ಎನ್ನುವ ಅಭ್ಯಾಸವೂ ಇರಲಿಲ್ಲ. ನನ್ನ ಮದುವೆಗೆ ಸಹ ನಾನು ಬಾಯಿಬಿಟ್ಟು ಹೂಂ ಎಂದವಳಲ್ಲ. ಆದರೆ ಆ ಕೆನ್ನೆಯನ್ನು ಅಷ್ಟು ಸಲ ನೋಡಿದ ಮೇಲೆ ಅದು ನನಗೆ ಗುರುತಿನವಳದೆಂಬ ಹಾಗಾಗಿಬಿಟ್ಟಿತ್ತು.

"ಬೇಡ ಮೇಡಂ," ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಅಳಿಸಬೇಡಿ. ಅಳಿಸಿದ್ರೆ ಅವಳು ಹೋಗ್ತಾಳೆ. ಇನ್ನೊಂದು ದಿನ ಕೊಡಿ."

ಮರುದಿನ ಸೀದಾ ಮಿಲ್ಲಿಗೆ ಹೋದೆ. ಆ ಫೋಟೊ ಬಂದು ಸೇರಿದ್ದು ಅವಳ ಹೆಸರಿಗೆ. ಆ ಹೊತ್ತಿನಲ್ಲಿ ಏನಾಯಿತೆಂದು ನೆನಪಿಸಿಕೊಳ್ಳಲು ಅವಳಷ್ಟು ನೆನಪಿರುವವರು ಬೇರೆ ಯಾರೂ ಇಲ್ಲ. ಬೈದರೆ ಬೈಯಲಿ ಎಂದುಕೊಂಡೆ. ಅವಳು ಯಾರದೋ ರಾಗಿ ಬೀಸುತ್ತಿದ್ದಳು. ನನ್ನನ್ನು ನೋಡಿ ಮುಖ ತಿರುಗಿಸಿದಳು. ಆದರೂ ಮನೆಗೆ ಬಂದವರಿಗೆ ಕೊಡುವ ಅಭ್ಯಾಸ, ಕಾಲಿನಿಂದ ಮಣೆ ಸರಿಸಿ, ಎಲೆ ಅಡಿಕೆ ತಟ್ಟೆಯನ್ನು ಟಣ್ಣೆಂದು ನನ್ನ ಮುಂದೆ ಇಟ್ಟಳು.

"ಇನ್ಯಾರ್ನ ಸಾಯ್ಸಾಕ್ ಬಂದೆ?"

"ಅಕ್ಕ, ಒಂದೇ ಸಲ ನೋಡು. ಯಾರದು ಅಂತ ಗುರುತು ಸಿಗುತ್ತೇನೋ. ನೀನು ಎಲ್ಲರನ್ನೂ ಬಲ್ಲೆ."

"ಹೊರಗಿನ ಮುಖ ಬಲ್ಲೆ ಕಣಮ್ಮ. ಒಳಗಿನ ಬಾಯಿ ನಂಗೇನು ಗೊತ್ತು?" ಎಂದರೂ ಕೈ ಒರೆಸಿಕೊಂಡು ಪಕ್ಕ ಬಂದು ಕೂತಳು. ಮಿಲ್ಲಿನ ಒಳಗೆ ಕತ್ತಲೆ ಇತ್ತು. ಅವತ್ತಿನವರೆಗೆ ನಾನು ಆ ಫೋಟೊವನ್ನು ನೋಡಿದ್ದೆಲ್ಲ ಬಿಸಿಲಿನಲ್ಲಿ, ಬಸ್ಸಿನಲ್ಲಿ. ನೋಡಿದಾಗಲೆಲ್ಲ ಕಣ್ಣು ಹಳದಿ ಗೆರೆಯ ಒಳಗೇ ಬೀಳುತ್ತಿತ್ತು. ಅವಳು ಗೆರೆಯನ್ನು ನೋಡಲೇ ಇಲ್ಲ.

"ಇದ್ಯಾರ್ ಬೆಳ್ಳು?" ಎಂದಳು.

"ಅದು ಕೆನ್ನೆ ಹಿಡ್ಕೊಂಡಿರೋ ಬೆರಳಕ್ಕ."

"ಅದೇ, ಯಾರ್ದು? ನೀನು ಗ್ಲೌಸ್ ಹಾಕ್ಕೊಂಡು ಕಡ್ಡೀಲಿ ಹಿಡೀತಿದ್ದೆ. ಇದ್ರಾಗೆ ಗ್ಲೌಸೂ ಇಲ್ಲ, ಕಡ್ಡೀನೂ ಇಲ್ಲ. ದೊಡ್ಡದ್ ಮಾಡು."

ಎರಡು ಬೆರಳಿಟ್ಟು ಹಿಗ್ಗಿಸಿದೆ. ಕೆನ್ನೆ ಅಂಚಿಗೆ ಸರಿದು ಬೆರಳು ನಡುವೆ ಬಂತು. ಅದರ ಉಗುರು ಉದ್ದಕ್ಕೆ ಎರಡು ಸೀಳಾಗಿತ್ತು.

ನಾನು ಹುಡುಗಿಯಾಗಿದ್ದಾಗ ರಾಗಿ ಕುಯ್ಯುವಾಗ ಕುಡುಗೋಲು ಬಿದ್ದು ಸೀಳಿದ ಉಗುರು ಅದು. ಆಮೇಲೆ ಬೆಳೆದದ್ದೆಲ್ಲ ಎರಡಾಗಿಯೇ ಬೆಳೆಯಿತು. ದಿನಾ ಅದೇ ಬೆರಳು ಸೇರಿಸಿ ನಿಮ್ಮ ಜಡೆ ಹೆಣೆದಿದ್ದೇನೆ, ನಿಮ್ಮ ತಲೆಗೆ ಎಣ್ಣೆ ಹಚ್ಚಿದ್ದೇನೆ. ನೀವೂ ಆ ಫೋಟೊ ನೋಡಿದಿರಿ, ನೀವೂ ಕಲೆಯನ್ನೇ ನೋಡಿ ಓಡಿದಿರಿ. ಬೆರಳನ್ನು ಯಾರೂ ನೋಡಲಿಲ್ಲ.

ಮಿಲ್ಲಿನ ಅಕ್ಕ ನನ್ನ ಎಡಗೈಯನ್ನು ಎಳೆದು ತೆರೆಯ ಪಕ್ಕ ಇಟ್ಟಳು. ಒಂದೇ ಉಗುರು, ಎರಡು ಕಡೆ.

"ಅಯ್ಯೋ ಶಿವನೇ. ನಾನೇ ಒತ್ತಿದ್ದು ಕಣೇ. ಅವತ್ತು ನಾನೇ ತೆಗ್ದಿದ್ದು. ಇದು ನಿಂದೇ ಕಣೇ."

ನನಗೆ ಮೋಟಾರಿನ ಸದ್ದು ಕೇಳುವುದು ನಿಂತುಹೋಯಿತು. ಅದು ಓಡುತ್ತಲೇ ಇತ್ತು, ಹಿಟ್ಟು ಬೀಳುತ್ತಲೇ ಇತ್ತು, ನನಗೆ ಮಾತ್ರ ಏನೂ ಕೇಳಿಸಲಿಲ್ಲ. ಊರೆಲ್ಲ ದೀಪ ಹಿಡಿದು ಹುಡುಕಿದ್ದೆ. ಪ್ರತಿ ಬಾಗಿಲಲ್ಲೂ ಯಾವಳೋ ಒಬ್ಬಳಿಗಾಗಿ ಹೆದರಿದ್ದೆ. ಅಡುಗೆ ಮಾಡಿಕೊಂಡು ಆರಾಮಾಗಿ ಇರುವವಳು ಎಂದು ಡಾಕ್ಟರಮ್ಮ ಹೇಳಿದಾಗ ಅವರ ಎದುರಿಗೇ ನಿಂತಿದ್ದೆ. ಅವಳನ್ನು ಹೊತ್ತುಕೊಂಡೇ ತಿರುಗುತ್ತಿದ್ದೆ.

ನನ್ನ ಕೈ, ನನಗೇ ತಿಳಿಯದ ಹಾಗೆ, ತಟ್ಟೆಯ ಕಡೆ ಹೋಗಿತ್ತು. ಗಾಬರಿಯಾದಾಗ ಅಡಿಕೆ ಹುಡುಕುವ ಅಭ್ಯಾಸ. ಮಿಲ್ಲಿನ ಅಕ್ಕ ತಟ್ಟೆಯನ್ನು ಸರಕ್ಕನೆ ಎಳೆದುಕೊಂಡು ತನ್ನ ಬೆನ್ನ ಹಿಂದೆ ಇಟ್ಟಳು. ಎಷ್ಟೋ ಹಬ್ಬ ಮದುವೆಗಳಲ್ಲಿ ನನ್ನ ಮುಂದಿನಿಂದ ತಟ್ಟೆ ಹೋಗಿದೆ. ಅವತ್ತು ಹೋದದ್ದು ಮಾತ್ರ ನನಗೆ ನೋವಾಗಲಿಲ್ಲ.

"ಏಳು," ಎಂದಳು. ಹೋಗಿ ಮೋಟಾರು ನಿಲ್ಲಿಸಿ ಬಂದಳು. "ಅವತ್ತು ನಿನ್ ಹೆಸ್ರೇ ಹಾಕ್ದೆ ತೆಗ್ದು ಅಲ್ವಾ ಇಷ್ಟೆಲ್ಲ ಆಗಿದ್ದು? ಈಗ ಸರ್ಯಾಗಿ ತೆಗಿಯಾಣ. ಹೇಳ್ಕೊಡು ನಂಗೆ."

ಟ್ಯಾಬಿನಲ್ಲಿ ನನ್ನ ಹೆಸರು ನಾನೇ ಹೊಡೆದೆ. ಮುಕ್ಕಳಿಸಿದೆ. ಬೆಳಕಿಗೆ ಮುಖ ಮಾಡಿ ಕೂತೆ. ಅವಳು ಗ್ಲೌಸ್ ಹಾಕಿಕೊಂಡು, ಕಡ್ಡಿ ಹಿಡಿದು, ನಾನು ಹೇಳಿದ ಕ್ರಮದಲ್ಲೇ ಒಂದೊಂದು ಚೌಕ ತುಂಬಿದಳು. ಆಮೇಲೆ ಪ್ರಶ್ನೆಗಳು. ಅವಳಿಗೆ ಓದಲು ಬರುವುದಿಲ್ಲ, ನಾನೇ ಗಟ್ಟಿಯಾಗಿ ಓದಿ ನಾನೇ ಉತ್ತರಿಸಬೇಕಾಯಿತು. ಎಲೆ ಅಡಿಕೆ ಹಾಕುತ್ತೀರಾ? ಹೌದು. ಹೊಗೆಸೊಪ್ಪು ಹಾಕುತ್ತಿದ್ದಿರಾ? ಹೌದು. ಖಾರ ತಿಂದರೆ ಬಾಯಿ ಉರಿಯುತ್ತದೆಯೇ?

ಆ ಪ್ರಶ್ನೆಯನ್ನು ಎಷ್ಟು ಮನೆಗಳಲ್ಲಿ ಕೇಳಿದ್ದೆನೋ. ನನ್ನನ್ನು ನಾನು ಕೇಳಿಕೊಂಡಿರಲಿಲ್ಲ. ಬಹಳ ದಿನದಿಂದ ನಾನು ಸಾರಿಗೆ ಖಾರ ಕಡಿಮೆ ಹಾಕುತ್ತಿದ್ದೆ. "ಮಕ್ಕಳಿದಾವಲ್ಲ, ಅವಕ್ಕೆ ಆಗಲ್ಲ" ಎಂದು ನಿಮ್ಮಮ್ಮನಿಗೆ ಹೇಳುತ್ತಿದ್ದೆ. ಅದನ್ನು ನಾನೂ ನಂಬಿದ್ದೆ. ನೀವೋ, ಉಪ್ಪಿನಕಾಯಿ ನೆಕ್ಕಿಕೊಂಡು ತಿನ್ನುವ ಮಕ್ಕಳು.

'ಹೌದು' ಒತ್ತಿದೆ.

ಇಬ್ಬರೂ ಏರಿ ಹತ್ತಿದೆವು. ಅವಳಿಗೆ ಮಂಡಿ ನೋವು, ನನ್ನ ಭುಜ ಹಿಡಿದುಕೊಂಡು ಹತ್ತಿದಳು. ಮೇಲೆ ಗಾಳಿ ಜೋರಾಗಿತ್ತು. ಫೋಟೊಗಳು ಒಂದೊಂದಾಗಿ ಹೋದವು. ನಾವು ಕಲ್ಲಿನ ಮೇಲೆ ಕೂತು ನೀರು ನೋಡುತ್ತಿದ್ದೆವು. ಬಿಸಿಲು ಇಳಿಯುವ ಮುಂಚೆಯೇ ಟ್ಯಾಬ್ ಬಡಿದುಕೊಂಡಿತು. ತೆರೆಯ ಮೇಲೆ ಡಾಕ್ಟರಮ್ಮ. ಹೆಸರು ಓದಿ, ನನ್ನ ಮುಖ ನೋಡಿ, ಮತ್ತೊಮ್ಮೆ ಹೆಸರು ಓದಿದರು.

"ನೀವಾ?" ಎಂದರು. ಆಮೇಲೆ, "ನಾಳೆ ಬೆಳಿಗ್ಗೆ ಬನ್ನಿ. ಊಟದ ಬುತ್ತಿ ಕಟ್ಕೊಂಡು ಬನ್ನಿ, ತಡವಾಗುತ್ತೆ."

ನಿಮ್ಮಮ್ಮನಿಗೆ ಆ ರಾತ್ರಿ ಹೇಳಿದೆ. ನಿಮಗೆ ಮಾತ್ರ 'ಅಜ್ಜಿಗೆ ಹಲ್ಲು ಕೀಳಿಸಬೇಕು' ಎಂದು ಹೇಳಿದೆವು. ತುಮಕೂರಿನಲ್ಲಿ ಮೊದಲು ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು. ಕಾಯುವ ದಿನಗಳಲ್ಲಿ ನಾನು ಮನೆಯಲ್ಲಿದ್ದ ಹಿತ್ತಾಳೆ ಪಾತ್ರೆಗಳನ್ನೆಲ್ಲ ಹುಣಸೆಹಣ್ಣು ಹಾಕಿ ಉಜ್ಜಿದೆ. ಇನ್ನೇನು ಮಾಡಬೇಕೆಂದು ತಿಳಿಯಲಿಲ್ಲ. ಉತ್ತರ ಬಂತು. ಕೆಡಲು ಶುರುವಾಗಿದೆ, ಆಳಕ್ಕೆ ಇಳಿದಿಲ್ಲ. ಆ ಭಾಗವನ್ನು ಕೊಯ್ದು ತೆಗೆದು ಹೊಲಿದರು. ಗಂಜಿ ಕುಡಿದುಕೊಂಡು ಬಹಳ ದಿನ ಇದ್ದೆ. ಈಗಲೂ ಎಡಗಡೆ ಬಿಗಿ. ನಾನು ನಕ್ಕರೆ ಒಂದೇ ಕಡೆ ನಗುತ್ತೇನೆ ಎಂದು ನೀವು ಅಣಕಿಸುತ್ತೀರಲ್ಲ, ಅದು ಇದರಿಂದ. ಆಗಾಗ ಹೋಗಿ ತೋರಿಸಿಕೊಂಡು ಬರಬೇಕು. ಪೂರ್ತಿ ಮುಗಿಯಿತು ಎಂದು ಡಾಕ್ಟರಮ್ಮ ಇನ್ನೂ ಹೇಳಿಲ್ಲ. ಹೇಳುವ ತನಕ ನಾನೂ ಹೇಳುವುದಿಲ್ಲ.

ಮೇಲ್ವಿಚಾರಕಿ ನೋಡಲು ಬಂದಾಗ ಬಹಳ ಹೊತ್ತು ನನ್ನ ಕೈ ಹಿಡಿದು ಕೂತಳು. "ನಾನು ಅಳಿಸಿಬಿಡ್ತಿದ್ದೆ ಆಂಟಿ" ಎಂದಳು. ನಾನು ಇಲ್ಲ ಎಂದು ತಲೆ ಆಡಿಸಿದೆ, ಮಾತಾಡಲು ಹೊಲಿಗೆ ಬಿಡುತ್ತಿರಲಿಲ್ಲ. ಈಗ ಟ್ಯಾಬಿನಲ್ಲಿ ಒಂದು ಬದಲಾವಣೆ ಮಾಡಿದ್ದಾರೆ. ಬಾಯಿಯ ಫೋಟೊಗಿಂತ ಮುಂಚೆ ಮುಖದ ಫೋಟೊ ತೆಗೆಯಬೇಕು, ಕೊನೆಗೆ ಎಲ್ಲವನ್ನೂ ಒಟ್ಟಿಗೆ ತೋರಿಸಿ 'ಇವೆಲ್ಲ ಇವರದೇನಾ' ಎಂದು ಅದೇ ಕೇಳುತ್ತದೆ. ಕೇಳಿದಾಗಲೆಲ್ಲ ನಾನು ಬೆರಳುಗಳನ್ನೂ ನೋಡುತ್ತೇನೆ.

ಕೆಲಸಕ್ಕೆ ವಾಪಸ್ ಹೋದಾಗ ಮೊದಲು ಆ ಊರಿಗೇ ಹೋದೆ. ಮಿಲ್ಲಿನ ಅಕ್ಕ ಆಗಲೇ ಎಲ್ಲರಿಗೂ ಹೇಳಿಟ್ಟಿದ್ದಳು. ಬಾಗಿಲುಗಳು ತೆರೆದಿದ್ದವು. ತಟ್ಟೆ ಈಗಲೂ ಬರುತ್ತದೆ. ನಾನು ಒಂದು ಎಲೆ ಮಾತ್ರ ಎತ್ತಿ, ಕಣ್ಣಿಗೊತ್ತಿಕೊಂಡು, ಮತ್ತೆ ತಟ್ಟೆಯಲ್ಲೇ ಇಡುತ್ತೇನೆ. ಕೊಟ್ಟವರಿಗೂ ಬೇಜಾರಿಲ್ಲ, ನನಗೂ ಇಲ್ಲ.

ನಾಲೆಯ ಕೊನೆಯ ಮನೆಯ ಅಜ್ಜಿ ಮಾತ್ರ ಹೊಸಿಲಲ್ಲಿ ಕೋಲು ಅಡ್ಡ ಇಟ್ಟುಕೊಂಡೇ ಕೂತಿದ್ದಳು. ಬಾಯಲ್ಲಿ ಹೊಗೆಸೊಪ್ಪು ಇತ್ತು. ಜೊತೆಗೆ ಬಂದ ಮಿಲ್ಲಿನ ಅಕ್ಕ ಏನೋ ಹೇಳಲು ಹೋದಳು, ನಾನು ಬೇಡವೆಂದು ಕೈ ಹಿಡಿದೆ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನಿಂಗೇ ಬಂದಿತ್ತಂತೆ. ಕುಯ್ದ್ರಂತೆ. ದಿಟವಾ?"

"ದಿಟ ಅಜ್ಜಿ."

"ಎಲ್ಲಿ? ನಿಂದು ತೋರ್ಸು ಮೊದ್ಲು."

ಬೀದಿಯಲ್ಲಿ ಜನ ನಿಂತಿದ್ದರು. ಗಂಡಸರೂ ಇದ್ದರು. ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿದೆ, ಅವಳ ಮುಂದೆ ಮಂಡಿಯೂರಿ ಕೂತೆ, ಬಿಸಿಲಿಗೆ ಮುಖ ತಿರುಗಿಸಿದೆ. ಸೀಳು ಉಗುರಿನ ಬೆರಳಿನಿಂದ ಎಡಗೆನ್ನೆಯನ್ನು ಸರಿಸಿ, ಹೊಲಿಗೆ ಎಷ್ಟು ಬಿಡುತ್ತದೋ ಅಷ್ಟು ಅಗಲ ಬಾಯಿ ತೆರೆದೆ.

ಅಜ್ಜಿ ಬಹಳ ಹೊತ್ತು ಒಳಗೆ ನೋಡಿದಳು. ಆಮೇಲೆ ಪಕ್ಕಕ್ಕೆ ತಿರುಗಿ, ಹೊಗೆಸೊಪ್ಪನ್ನು ಉಗುಳಿ, ನೀರಿನ ಚೊಂಬಿಗೆ ಕೈ ಚಾಚಿದಳು.